ಕೊಂಬೆ ಕಸವಲ್ಲ

ದೇಹೂ ರೋಡ್ ದಂಡಿನ ಊರು. ಸೇನೆಯ ಡಿಪೋಗಳ ಆಸುಪಾಸಿನಲ್ಲಿ, ಮನೆಗಳ ಆವರಣಗಳಲ್ಲಿ ಬೇವು, ಮಾವು, ನುಗ್ಗೆ, ಗುಲ್‌ಮೊಹರ್‌ಗಳು ಇನ್ನೂ ಉಳಿದಿವೆ. ಗಿಡಮರಗಳನ್ನು ನೆಂಟರೆಂದು ಬಗೆದ ಸಂತ ತುಕಾರಾಮರ ದೇಹೂ ಇಲ್ಲಿಂದ ಕೆಲವೇ ಕಿಲೋಮೀಟರು ದೂರ. ಆದರೆ ಮಳೆಗಾಲಕ್ಕೆ ಮುನ್ನ ಸವರಿದ ಆ ನೆಂಟರ ರೆಂಬೆಗಳು ನಮ್ಮ ಬಡಾವಣೆಯಲ್ಲಿ ವರ್ಷ ವರ್ಷವೂ ಸೇರುತ್ತಿದ್ದುದು ಖಾಲಿ ನಿವೇಶನದ ಬೆಂಕಿಗೆ. ಹೊಗೆಯ ಪಾಲು ಮಾತ್ರ ಕಿಟಕಿಯ ಪಕ್ಕದಲ್ಲಿ ಮಲಗುವ ಮುದುಕರಿಗೂ ಮಕ್ಕಳಿಗೂ.

ಕಾನೂನು ಇದನ್ನು ಒಪ್ಪುವುದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನು ಅದು ಹುಟ್ಟಿದ ಆವರಣದಲ್ಲಿಯೇ ಬೇರೆಯಾಗಿ ಇರಿಸಬೇಕೆಂದು ವಿಧಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ, ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಹೂಡಿದ್ದ ಮೊಕದ್ದಮೆಯಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡವೆಂದು ಗೊತ್ತುಪಡಿಸಿತು. ಸುಡಬಾರದೆಂಬುದೇನೋ ಸ್ಪಷ್ಟವಾಯಿತು. ಸುಡದೆ ಏನು ಮಾಡಬೇಕೆಂಬುದು ಮನೆಯವರಿಗೇ ಉಳಿದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವೆಂದು ನಾವು ನಾಲ್ಕು ಮನೆಯವರು ಕೂಡಿ ಈ ಬೇಸಗೆಯಲ್ಲಿ ಒಂದು ವಿದ್ಯುತ್ ಚಿಪ್ಪರ್ ಕೊಂಡೆವು. ಎರಡೂವರೆ ಕಿಲೋವ್ಯಾಟ್‌ನ ಯಂತ್ರ. ಒಂದು ಗಂಟೆ ಸತತವಾಗಿ ಓಡಿದರೂ ಎರಡೂವರೆ ಯೂನಿಟ್ಟಿಗಿಂತ ಹೆಚ್ಚು ಬೇಡುವುದಿಲ್ಲ. ಹೆಬ್ಬೆರಳಿನ ದಪ್ಪದ ಹಸಿ ರೆಂಬೆಯನ್ನು ಕಬ್ಬಿನಂತೆ ನುಂಗುತ್ತದೆ. ಒಣಗಿದ ಕೊಂಬೆಗೆ ಏದುಸಿರು ಬಿಡುತ್ತದೆ, ತೆಂಗಿನ ಗರಿಯ ನಾರು ಸುತ್ತಿಕೊಂಡರೆ ನಿಂತೇಬಿಡುತ್ತದೆ. ಆದುದರಿಂದ ಸವರಿದ ವಾರದೊಳಗೆ ಕೆಲಸ ಮುಗಿಸಬೇಕು. ಮಣ್ಣು ಮೆತ್ತಿದ ಬೇರನ್ನು ಹಾಕಿ ಅಲಗನ್ನು ಮೊಂಡಾಗಿಸಬಾರದು. ಕನ್ನಡಕವೂ ಗಟ್ಟಿ ಕೈಗವಸೂ ಇರಲೇಬೇಕು. ಸೆರಗು, ದುಪಟ್ಟಾ ಜೋತಾಡುವಂತಿರಬಾರದು. ಸಿಕ್ಕಿಕೊಂಡ ಕಡ್ಡಿಯನ್ನು ಕೀಳುವ ಮುನ್ನ ಪ್ಲಗ್ಗನ್ನೇ ಕಳಚಬೇಕು.

ಯಂತ್ರ ಬಂದ ಮೇಲೆ ನಮಗೆ ಮುಖ್ಯವಾಗಿ ಕಂಡದ್ದು, ಅದಕ್ಕೆ ಏನನ್ನು ಹಾಕಬಾರದೆಂಬ ವಿವೇಕ. ಮಣಿಕಟ್ಟಿನಷ್ಟು ದಪ್ಪದ ಕೊಂಬೆ ಅದರ ಬಾಯಿಗೆ ಹಿಡಿಸುವುದೂ ಇಲ್ಲ, ಹಿಡಿಸಬೇಕಾಗಿಯೂ ಇಲ್ಲ. ಅಂತಹ ಕೊಂಬೆಯನ್ನು ಹೊತ್ತುಕೊಂಡು ಹೋಗಿ ನೀರು ಕಾಯಿಸುವವರು, ಅಡುಗೆ ಮಾಡುವವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಸೌದೆಯನ್ನು ಚಕ್ಕೆ ಮಾಡಿ ಪರಿಸರ ಉಳಿಸಿದೆವೆಂದು ಬೀಗುವುದು ಬಡವರ ಒಲೆಯ ಮೇಲೆ ಎಳೆದ ತೆರಿಗೆಯಾದೀತು. ದಪ್ಪನೆಯದು ಒಲೆಗೆ, ಸೊಪ್ಪು ಆಡಿಗೆ, ಉಳಿದ ಕಡ್ಡಿ ಯಂತ್ರಕ್ಕೆ: ಈ ಕ್ರಮವನ್ನು ನಾವು ಪಾಲಿಸುತ್ತಿದ್ದೇವೆ.

ಹೊರಬಂದ ಚಕ್ಕೆಗೂ ಅದರದೇ ಧರ್ಮವಿದೆ. ಅದನ್ನು ಮಣ್ಣಿನೊಳಗೆ ಕಲಸಿದರೆ, ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಂಡು ಗಿಡ ಹಳದಿಯಾಗುತ್ತದೆ. ಮೇಲೆ ಎರಡು ಮೂರು ಅಂಗುಲ ಹೊದಿಕೆಯಾಗಿ, ಕಾಂಡಕ್ಕೆ ತಾಗದಂತೆ ಹರಡಿದರೆ, ಅದೇ ಚಕ್ಕೆ ತೇವ ಹಿಡಿದು ಕಳೆಯನ್ನು ತಡೆಯುತ್ತದೆ. ಅಡುಗೆಮನೆಯ ಹಸಿ ಕಸದೊಡನೆ ಬೆರೆಸಿದರೆ ಗೊಬ್ಬರದ ಗುಂಡಿಯ ನಾತ ತಗ್ಗುತ್ತದೆ.

ಕನ್ನಡಿಗರಿಗೆ ಇದು ಹೊಸ ಪಾಠವೇನೂ ಅಲ್ಲ. ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಿಂದಲೂ ಅಲ್ಲಿನ ಅಡಕೆ ತೋಟಗಳಿಗೆ ಸೊಪ್ಪಿನ ಬೆಟ್ಟದ ಹಕ್ಕಿದೆ. ತೋಟದ ಬುಡಕ್ಕೆ ಬೀಳುವ ಸೊಪ್ಪು, ದರಗುಗಳನ್ನು ಅಲ್ಲಿ ಯಾರೂ ಕಸವೆನ್ನಲಾರರು. ಅಲ್ಲಿ ಬೆಟ್ಟವೇ ತೋಟಕ್ಕೆ ಅನ್ನವಿಕ್ಕಿದರೆ, ಇಲ್ಲಿ ಅಂಗಳದ ಮರವೇ ಅಂಗಳಕ್ಕೆ ಅನ್ನವಿಕ್ಕಬೇಕು.

ವರ್ಷಕ್ಕೆ ಹತ್ತು ದಿನ ದುಡಿಯುವ ಯಂತ್ರಕ್ಕೆ ಇಷ್ಟು ಹಣವೇಕೆಂಬ ಆಕ್ಷೇಪವಿದೆ, ಅದು ನ್ಯಾಯವಾದುದೇ. ಮನೆಗೊಂದು ಚಿಪ್ಪರ್ ಬೇಕೆಂದು ನಾವೂ ಹೇಳೆವು. ಅದರ ಸದ್ದು ಮಿಕ್ಸರಿನ ಸದ್ದನ್ನು ಮೀರಿಸುವುದರಿಂದ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಅದು ಸುಮ್ಮನಿರಬೇಕು. ಆದರೆ ಕೊಂಬೆ ಸಾಗಿಸಲು ಪ್ರತಿವರ್ಷ ಟೆಂಪೋ ಬಾಡಿಗೆ ತೆರುವ ಗೃಹಸಂಘಗಳು ತಲಾ ಒಂದು ಯಂತ್ರವನ್ನು ಇಟ್ಟುಕೊಂಡು, ತಿಳಿದ ಒಬ್ಬರಿಗೆ ಅದರ ಹೊಣೆಯನ್ನೂ ಯೋಗ್ಯ ಕೂಲಿಯನ್ನೂ ಕೊಡಬಹುದು. ನೆರಳು ಎಲ್ಲರಿಗೂ ಬೇಕಾಗಿರುವಾಗ, ಮರದಡಿ ಬಿದ್ದ ಕಡ್ಡಿಯ ಹೊಣೆಯನ್ನೂ ಎಲ್ಲರೂ ಹಂಚಿಕೊಳ್ಳುವುದು ಸರಿ.