ಖಾಲಿ ಫೈಲ್ ಪಾಸಾದ ದಿನ

ಕಳೆದ ಸೆಮಿಸ್ಟರ್‌ನಲ್ಲಿ ಜೂನಿಯರ್‌ಗಳ ಲ್ಯಾಬ್ ಪ್ರಾಕ್ಟೀಸ್‌ಗೆ ಅಂತ ನಾವು ನಾಲ್ಕು ಜನ ಸೇರಿ ಒಂದು ಶೆಲ್ ಸ್ಕ್ರಿಪ್ಟ್ ಬರೆದ್ವಿ. ಮಷಿನ್‌ನ ಐಪಿ ಅಡ್ರೆಸ್ ಪ್ರಿಂಟ್ ಮಾಡುವ ಪ್ರೋಗ್ರಾಂ ಅವರು ಬರೀಬೇಕು, ಸರಿಯಿದೆಯಾ ಅಂತ ನಮ್ಮ ಸ್ಕ್ರಿಪ್ಟ್ ನೋಡಬೇಕು. ಸರಿಯುತ್ತರಕ್ಕೆ ಐಎಫ್‌ಕಾನ್ಫಿಗ್ ಔಟ್‌ಪುಟ್‌ನಲ್ಲಿ 'ಐನೆಟ್ ಎಡಿಡಿಆರ್' ಇರೋ ಸಾಲನ್ನು ಗ್ರೆಪ್ ಮಾಡಿ, ಕೋಲನ್ ಆದಮೇಲಿನ ತುಂಡನ್ನು ಕಟ್ ಮಾಡಿ ತೆಗೆದ್ವಿ.

ಹಳೇ ಉಬುಂಟು 16.04 ಮಷಿನ್‌ಗಳಲ್ಲಿ ಚೆನ್ನಾಗೇ ನಡೀತು. ಹೊಸ ಲ್ಯಾಬ್‌ನಲ್ಲಿ 22.04. ಅಲ್ಲಿನ ಐಎಫ್‌ಕಾನ್ಫಿಗ್ ಬರೀ 'ಐನೆಟ್' ಅಂದು, ಜಾಗ ಬಿಟ್ಟು, ನಂಬರ್ ಕೊಡುತ್ತೆ. 'ಎಡಿಡಿಆರ್' ಇಲ್ಲ, ಕೋಲನ್ನೂ ಇಲ್ಲ. ಗ್ರೆಪ್‌ಗೆ ಏನೂ ಸಿಗದೆ ನಮ್ಮ 'ಸರಿಯುತ್ತರ' ಖಾಲಿ ಸ್ಟ್ರಿಂಗ್ ಆಯ್ತು. ಸರಿಯಾಗಿ ಬರೆದವರೆಲ್ಲ ಫೇಲ್, ಖಾಲಿ ಫೈಲ್ ಕೊಟ್ಟು ಕ್ಯಾಂಟೀನಿಗೆ ಹೋದವನು ಪಾಸ್! ಒಬ್ಬ ಜೂನಿಯರ್ ಹುಡುಗಿ ಬಂದು, "ಅಕ್ಕಾ, ಮೂರು ಸಲ ಅಳಿಸಿ ಬರೆದೆ, ಇನ್ನೂ ಎಲ್ಲಿ ತಪ್ಪು?" ಅಂದಳು. ಅವಳ ಮೊದಲನೇ ಪ್ರೋಗ್ರಾಮೇ ಸರಿ ಇತ್ತು.

"ಟೂಲ್ ಬದಲಾದ್ರೆ ನಾವೇನ್ ಮಾಡೋಕಾಗುತ್ತೆ" ಅಂತ ಮೊದಲು ನಾವೂ ಅಂದ್ವಿ. ಅದು ನೆಪ. ಆ ಔಟ್‌ಪುಟ್ ಇರೋದು ಮನುಷ್ಯರು ಓದೋಕೆ, ನಾವದನ್ನ ಸ್ಕ್ರಿಪ್ಟ್‌ಗೆ ಓದಿಸಿದ್ವಿ. ಎರಡೂ ರೂಪ ಹಿಡಿಯೋ ರೆಗೆಕ್ಸ್ ಹಾಕೋಣ ಅನ್ನೋ ಸಲಹೆ ಬಂತು. ತೇಪೆ ಅಷ್ಟೇ, ಮೂರನೇ ರೂಪ ಬಂದ ದಿನ ಮತ್ತೆ ಇದೇ ಕಥೆ. ಐಪಿ ಕಮಾಂಡ್‌ಗೆ ಜೇಸನ್‌ನಲ್ಲಿ ಉತ್ತರ ಕೊಡೋ ಆಪ್ಷನ್ ಇದೆ. ಗಿಟ್ ಸ್ಟೇಟಸ್‌ಗೆ 'ಪೋರ್ಸಲೇನ್' ಇದೆ; ವರ್ಷನ್ ಬದಲಾದ್ರೂ ಈ ರೂಪ ಬದಲಾಗಲ್ಲ ಅಂತ ಅದರ ಮ್ಯಾನ್ ಪೇಜ್‌ನಲ್ಲೇ ಮಾತು ಕೊಟ್ಟಿದ್ದಾರೆ. ಅಂಥ ಮಾತು ಇರೋ ಕಡೆ ಮಾತ್ರ ಸ್ಕ್ರಿಪ್ಟ್ ಕೈ ಹಾಕಬೇಕು.

(ಕನ್ನಡ ಸಂಘದವರು ಇನ್ನೊಂದು ಗಮನಿಸಿ: ಲೊಕೇಲ್ ಕನ್ನಡಕ್ಕೆ ಇಟ್ಟರೆ ಡೇಟ್ ಕಮಾಂಡ್ ತಿಂಗಳ ಹೆಸರನ್ನು ಕನ್ನಡದಲ್ಲೇ ಕೊಡುತ್ತೆ. ನಮಗೆ ಖುಷಿ, 'ಜಾನ್' ಹುಡುಕೋ ಸ್ಕ್ರಿಪ್ಟ್‌ಗೆ ಅಲ್ಲ. ಟೆಸ್ಟ್‌ನ ಮೊದಲ ಸಾಲಲ್ಲೇ ಎಲ್‌ಸಿ ಆಲ್ ಅನ್ನು ಸಿ ಅಂತ ಇಡಿ.)

ನಮಗೆ ನಿಜಕ್ಕೂ ನಾಚಿಕೆ ಆಗಿದ್ದು ಸ್ಕ್ರಿಪ್ಟ್ ಮುರಿದಿದ್ದಕ್ಕಲ್ಲ, ಬಾಯಿ ಮುಚ್ಚಿಕೊಂಡು ಮುರಿದಿದ್ದಕ್ಕೆ. ಪೈಪ್‌ನಲ್ಲಿ ಕೊನೇ ಕಮಾಂಡ್‌ನ ಎಕ್ಸಿಟ್ ಕೋಡ್ ಮಾತ್ರ ಉಳಿಯುತ್ತೆ. ಗ್ರೆಪ್ ಸೋತಿತ್ತು, ಕಟ್ 0 ಕೊಟ್ಟು ಮುಚ್ಚಿಹಾಕಿತು. ಪೈಪ್‌ಫೇಲ್ ಹಾಕಿದ್ರೆ ಅಲ್ಲೇ ಸಿಕ್ಕಿಬೀಳ್ತಿತ್ತು. ಆಟೋಮೇಕ್‌ನಲ್ಲಿ ಟೆಸ್ಟ್ 77 ಕೊಟ್ರೆ 'ಬಿಟ್ಟುಬಿಟ್ಟೆ', 99 ಕೊಟ್ರೆ 'ಟೆಸ್ಟೇ ಕೆಟ್ಟಿದೆ' ಅಂತ ಅರ್ಥ. ಪಾಸು, ಫೇಲು ಬಿಟ್ಟು ಇನ್ನೊಂದು ಉತ್ತರ ಇದೆ ಅಂತ ನಮಗೆ ಹೊಳೆದಿರಲೇ ಇಲ್ಲ.

ಈಗ ಸರಿಯುತ್ತರ ಖಾಲಿ ಬಂದ್ರೆ ನಮ್ಮ ಸ್ಕ್ರಿಪ್ಟ್ 99 ಕೊಟ್ಟು ನಿಲ್ಲುತ್ತೆ, ಯಾರಿಗೂ ಮಾರ್ಕ್ಸ್ ಹಾಕಲ್ಲ. ಆ ಹುಡುಗಿಗೆ ಸಾರಿ ಹೇಳಿದ್ವಿ. ಮೊದಲನೇ ಪ್ರೋಗ್ರಾಂ ಉಳಿದಿರಲಿಲ್ಲ, ಪಾಪ, ನಾಲ್ಕನೇ ಸಲ ಟೈಪ್ ಮಾಡಿದಳು.