ಅನ್‌ಗ್ರೂಪ್ ಮಾಡಿ ಕಳಿಸ್ಬೇಡಿ, ಪ್ಲೀಸ್ (ಫೈಲಿನೊಳಗೆ – ಭಾಗ 4)

"ಫೈಲ್ ಕಳಿಸೋ ಮುಂಚೆ ಎಲ್ಲಾ ಅನ್‌ಗ್ರೂಪ್ ಮಾಡ್ಬಿಡು, ಸೇಫ್." ಈ ಸಲಹೆ ನಮ್ಮಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹಳೇ ಪ್ರಶ್ನೆಪತ್ರಿಕೆ ಥರ ಕೈ ಬದಲಾಯಿಸ್ತಾ ಬಂದಿದೆ. ನನಗಂತೂ ಇದನ್ನು ಕೇಳಿದ್ರೆ ಮೈ ಉರಿಯುತ್ತೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಇದೆ.

ನಿಮ್ಮ ಹತ್ರ ಇರೋ ಯಾವುದಾದರೂ ಎಸ್‌ವಿಜಿ ಚಿತ್ರವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಒಳಗಿರೋದು ಎಕ್ಸ್‌ಎಂಎಲ್, ನಾವೇ ಓದಬಹುದಾದ ಬರಹ. 2001ರಲ್ಲಿ ಬಂದ ಮೊದಲ ಆವೃತ್ತಿಯಿಂದಲೂ ಗುಂಪು ಮಾಡೋದಕ್ಕೆ ಅಂತಲೇ ಇದರಲ್ಲಿ ಒಂದಕ್ಷರದ ಟ್ಯಾಗ್ ಇದೆ: ‘ಜಿ’. ಒಂದು ‘ಜಿ’ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಇಡಬಹುದು. ಒಳಗೆ ತೆರೆದದ್ದನ್ನು ಮೊದಲು ಮುಚ್ಚಬೇಕು, ಆಮೇಲೆ ಹೊರಗಿನದು. ಅಷ್ಟೇ ನಿಯಮ.

ಈಗ ಒಂದು ಸೈಕಲ್ ಬರೆದಿದ್ದೀರಿ ಅಂದ್ಕೊಳ್ಳಿ. ಅದು ರಸ್ತೆ ಮೇಲೆ ಹೋಗಬೇಕು, ಚಕ್ರಗಳೂ ತಿರುಗಬೇಕು. ಎಲ್ಲವೂ ಬಿಡಿಬಿಡಿಯಾಗಿದ್ರೆ ಟೈರು, ಕಡ್ಡಿ, ಚೈನು, ಪೆಡಲ್ ಒಂದೊಂದನ್ನೂ ಹುಡುಕಿ ಸರಿಸ್ಬೇಕು. ಅದೇ ಗುಂಪಿನೊಳಗೆ ಗುಂಪು ಇಟ್ಟಿದ್ರೆ? ಹೊರಗಿನ ಗುಂಪು ‘ಸೈಕಲ್’, ಅದನ್ನು ಮುಂದೆ ಸರಿಸಿದ್ರೆ ಒಳಗಿದ್ದದ್ದೆಲ್ಲಾ ಜೊತೆಗೆ ಬರುತ್ತೆ. ಅದರೊಳಗೆ ‘ಹಿಂದಿನ ಚಕ್ರ’, ಇದರ ಕೆಲಸ ಚಕ್ರವನ್ನು ಅದರ ಜಾಗದಲ್ಲಿ ಕೂರಿಸೋದು. ಅದರೊಳಗೆ ಇನ್ನೂ ಒಂದು ಗುಂಪು, ತಿರುಗೋದಕ್ಕೆ ಮಾತ್ರ.

ಈ ಮೂರನೇದು ಅತಿಯಾಯ್ತು ಅನ್ನೋರಿದ್ದಾರೆ. ಆದರೆ ಎಸ್‌ವಿಜಿಯಲ್ಲಿ ಸುಮ್ಮನೆ ‘ರೊಟೇಟ್’ ಅಂತ ಬರೆದ್ರೆ ಆಕೃತಿ ತನ್ನ ನಡುವಿನ ಸುತ್ತ ತಿರುಗೋದಿಲ್ಲ. ತಾನಿರುವ ಗುಂಪಿನ ಸೊನ್ನೆ-ಸೊನ್ನೆ ಬಿಂದುವಿನ ಸುತ್ತ ತಿರುಗುತ್ತೆ. ಹೊರಗೆ ಯಾವ ಗುಂಪೂ ಇಲ್ಲದಿದ್ರೆ ಆ ಬಿಂದು ಸಾಮಾನ್ಯವಾಗಿ ಚಿತ್ರದ ಎಡ ಮೇಲ್ಮೂಲೆ. ಚಕ್ರ ಆಕಾಶಕ್ಕೆ ಹಾರಿಹೋಗುತ್ತೆ! ಕೂರಿಸುವ ಗುಂಪು ಸೊನ್ನೆಯನ್ನೇ ಚಕ್ರದ ನಡುವಿಗೆ ತಂದಿಟ್ಟಿರುತ್ತೆ, ಹಾಗಾಗಿ ಒಳಗಿನ ಗುಂಪು ಕಣ್ಣು ಮುಚ್ಚಿ ತಿರುಗಬಹುದು. ಕೇಂದ್ರದ ಅಂಕಿಗಳನ್ನು ನಾವೇ ಕೊಡೋ ದಾರಿಯೂ ಇದೆ, ನಿಜ. ನಾಳೆ ಚಕ್ರವನ್ನು ಒಂದಿಷ್ಟು ಹಿಂದೆ ಸರಿಸಿ ನೋಡಿ, ಮತ್ತೆ ಕ್ಯಾಲ್ಕುಲೇಟರ್ ಹಿಡಿದು ಕೂರ್ಬೇಕು.

ಬಣ್ಣದ ವಿಷಯ ಸುಲಭ. ಗುಂಪಿಗೆ ಕೊಟ್ಟ ಬಣ್ಣ, ಸ್ವಂತ ಬಣ್ಣ ಇಲ್ಲದ ಮಕ್ಕಳಿಗೆಲ್ಲ ಇಳಿದು ಬರುತ್ತೆ. ಆದರೆ ಒಪಾಸಿಟಿ ಹಾಗಲ್ಲ, ಇಲ್ಲೇ ಸುಮಾರು ಜನ ಎಡವೋದು. ಒಂದರ ಮೇಲೊಂದು ಬಿದ್ದಿರುವ ಎರಡು ಕಪ್ಪು ವೃತ್ತಗಳಿಗೆ ಬೇರೆ ಬೇರೆಯಾಗಿ 0.5 ಕೊಡಿ, ಸೇರುವ ಜಾಗ ಹೆಚ್ಚು ಕಪ್ಪಾಗಿ ಕಾಣುತ್ತೆ. ಅದೇ 0.5 ಅನ್ನು ಗುಂಪಿಗೆ ಕೊಡಿ. ಮೊದಲು ಇಡೀ ಗುಂಪು ಒಂದೇ ಚಿತ್ರವಾಗಿ, ಆಮೇಲೆ ಒಟ್ಟಿಗೆ ಮಸುಕಾಗುತ್ತೆ, ಕಲೆ ಇಲ್ಲ. ಬಿಡಿ ಆಕೃತಿಗಳಲ್ಲಿ ಇದನ್ನು ಹೇಗೆ ತರ್ತೀರಿ? ‘ಸೇಫ್’ ಅಂತ ಗುಂಪು ಒಡೆದವರು ಕೆಲವೊಮ್ಮೆ ಚಿತ್ರವನ್ನೇ ಬದಲಾಯಿಸಿರ್ತಾರೆ, ಅವರಿಗೇ ಗೊತ್ತಿರಲ್ಲ.

ಹಾಗಂತ ಸಿಕ್ಕಿದ್ದಕ್ಕೆಲ್ಲ ಗುಂಪು ಕಟ್ಟಿ ಅಂತಲೂ ಹೇಳ್ತಿಲ್ಲ. ಕೆಲವು ಎಕ್ಸ್‌ಪೋರ್ಟ್ ಫೈಲ್‌ಗಳಲ್ಲಿ ‘ಜಿ’ ಒಳಗೆ ‘ಜಿ’ ಒಳಗೆ ‘ಜಿ’, ಕೊನೆಗೆ ನೋಡಿದ್ರೆ ಒಂದೇ ಒಂದು ಗೆರೆ. ಈರುಳ್ಳಿ ಸುಲಿದ ಹಾಗೆ. ಅಂಥವನ್ನು ಧಾರಾಳವಾಗಿ ಕಿತ್ತುಹಾಕಿ. ನಾನು ಕೇಳೋದು ಒಂದೇ ಪ್ರಶ್ನೆ: ಇವು ಒಟ್ಟಿಗೆ ಚಲಿಸುತ್ತವಾ, ಒಟ್ಟಿಗೆ ಮಸುಕಾಗುತ್ತವಾ, ಒಟ್ಟಿಗೆ ಒಂದು ಹೆಸರು ಇದೆಯಾ? ಹೌದು ಅಂದ್ರೆ ಗುಂಪು.

ಹೆಸರು ಅಂದೆ ನೋಡಿ. ಗುಂಪಿನೊಳಗೆ ಮೊದಲಿಗೇ ಒಂದು ‘ಟೈಟಲ್’ ಟ್ಯಾಗ್ ಹಾಕಿ "ಹಿಂದಿನ ಚಕ್ರ" ಅಂತ ಬರೀಬಹುದು, ಕನ್ನಡದಲ್ಲೇ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಆ ಹೆಸರು ಸಿಗೋ ದಾರಿ ಅದು. ‘ಪಾತ್1023’ ಅಂತ ಮುನ್ನೂರು ತುಂಡು ಕೊಟ್ರೆ ಅದಕ್ಕೆ ಏನು ಅರ್ಥ ಆಗ್ಬೇಕು?

ಗ್ರೂಪ್ ಪ್ರಾಜೆಕ್ಟ್ ಫೈಲ್‌ಗಳು ಈ ವಾರ ಬರೋಕೆ ಶುರುವಾಗುತ್ತೆ. ನನಗೆ ಕಳಿಸೋರು ಗುಂಪು ಹಾಗೇ ಬಿಟ್ಟು ಕಳಿಸಿ. ಚಕ್ರ ತಿರುಗಿಸೋದು ನನ್ನ ಜವಾಬ್ದಾರಿ.