"ಹಡೆದವರಿಗೇ ಗೊತ್ತು" ಅಂದರೆ ಸಾಕೇ?

ಈ ಸಂಚಿಕೆಗೆ ಏನು ಬರೆಯುತ್ತೀ ಎಂದು ಸಂಪಾದಕ ಗೆಳೆಯರು ಕೇಳಿದಾಗ "ಹೆರಿಗೆ ನೋವಿನ ಮೇಲೆ" ಅಂದೆ. ಒಬ್ಬರು ಕೆಳಗೆ ನೋಡಿದರು. ಇನ್ನೊಬ್ಬರು ನಕ್ಕು, "ಅದು ಲೇಡೀಸ್ ವಿಷಯ ಅಲ್ವೇನ್ರೀ, ನಮ್ಮ ಪತ್ರಿಕೆಗೆ ಯಾಕೆ?" ಅಂದರು. ಹಾಗಾದರೆ ಒಂದು ಮಾತು ಕೇಳುತ್ತೇನೆ. ನಮ್ಮ ಸಂಘದ ಕಳೆದ ಕವಿಗೋಷ್ಠಿಯಲ್ಲಿ ತಾಯಿಯ ಮೇಲೆ ಮೂರು ಕವನ ಬಂದವು. ಮೂರನ್ನೂ ಬರೆದವರು ಹುಡುಗರು. ಮೂರರಲ್ಲೂ ತಾಯಿ ನೋವುಂಡು ಹೆತ್ತಳು, ಮಗುವಿನ ಮುಖ ಕಂಡು ನೋವೆಲ್ಲ ಮರೆತಳು. ಚಪ್ಪಾಳೆಯೂ ಬಿತ್ತು. ಆವಾಗ ಅದು ಲೇಡೀಸ್ ವಿಷಯ ಆಗಿರಲಿಲ್ಲವೇ? ತಾಯಿಯನ್ನು ಹೊಗಳುವಾಗ ಎಲ್ಲರ ವಿಷಯ, ಆಕೆಗೆ ಎಲ್ಲಿ ನೋಯಿತು, ಹೇಗೆ ನೋಯಿತು ಅಂತ ಕೇಳಿದರೆ ಮಾತ್ರ ಲೇಡೀಸ್ ವಿಷಯ!

ನನಗೆ ಮದುವೆಯಾಗಿಲ್ಲ. ನಾನು ಇಲ್ಲಿ ಬರೆಯುವುದೆಲ್ಲ ಕೇಳಿ ತಿಳಿದದ್ದು: ನಮ್ಮ ಅವ್ವನಿಂದ, ಅಕ್ಕನಿಂದ, ನಮ್ಮ ಚಾಳಿನ ನಾಲ್ಕಾರು ಹೆಂಗಸರಿಂದ. ಕೇಳುವುದೂ ಸುಲಭ ಇರಲಿಲ್ಲ. ಯಾರನ್ನು ಕೇಳಿದರೂ ಮೊದಲ ಉತ್ತರ ಒಂದೇ, "ಅದು ಹಡೆದವರಿಗೇ ಗೊತ್ತು." ಅಲ್ಲಿಗೆ ಮಾತು ಮುಗಿಯಿತು. ಈ ಮಾತಿಗೆ ನಮ್ಮಲ್ಲಿ ದೊಡ್ಡ ಆಸರೆಯೂ ಇದೆ. 12ನೆಯ ಶತಮಾನದ ಅಕ್ಕಮಹಾದೇವಿಯೇ ತನ್ನ ನೋವು ಪರರಿಗೆ ತಿಳಿಯದು ಎನ್ನಲು ಹೆರಿಗೆ ಬೇನೆಯ ಹೋಲಿಕೆ ತಂದಿದ್ದಾಳೆ. ಅಕ್ಕನ ವಚನದ ಮೇಲೆ ನನ್ನ ತಕರಾರಿಲ್ಲ, ಅದು ಬೇರೆಯೇ ನೋವಿನ ಮಾತು. ಆದರೆ ನಾವು ಮಾಡಿಕೊಂಡದ್ದೇನು? ಹೆರಿಗೆ ನೋವನ್ನು ಬೇರೆ ಎಲ್ಲ ನೋವಿಗೂ ಹೋಲಿಕೆಯಾಗಿ ಬಳಸಿದೆವು, ಆ ನೋವು ಹೇಗಿರುತ್ತದೆ ಅಂತ ಮಾತ್ರ ಹೇಳಲಿಲ್ಲ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟ್ರು "ಇದನ್ನ ಮನೆಯಲ್ಲಿ ಓದಿಕೊಳ್ರಿ" ಅಂದು ಮುಂದಿನ ಪಾಠಕ್ಕೆ ಹೋದರು. ಮನೆಯಲ್ಲಿ ಅವ್ವ, "ಸಾಲ್ಯಾಗ ಹೇಳಿಲ್ಲೇನು?" ಅಂದಳು.

2024ರ ಮಳೆಗಾಲದಲ್ಲಿ ನಮ್ಮಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತವರು ಅಂದರೆ ಮುಂಬಯಿಯ ನಮ್ಮ ಒಂದು ಖೋಲಿ. ಸಂಜೆ ಶುರುವಾದ ನೋವು ರಾತ್ರಿ ಜೋರಾಗಿ, ಮೂರು ಗಂಟೆಗೆ ರಿಕ್ಷಾ ಹಿಡಿದು ಸರಕಾರಿ ಆಸ್ಪತ್ರೆಗೆ ಹೋದೆವು. ಬಾಗಿಲಲ್ಲಿ ಅವ್ವನನ್ನು ತಡೆದರು. ಅಕ್ಕ ಒಬ್ಬಳೇ ಒಳಗೆ ಹೋದಳು. ಮಧ್ಯಾಹ್ನ ಎರಡರವರೆಗೆ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ. ಮುಂದಿನ ವಾರ ನನಗೆ ಪರೀಕ್ಷೆ ಇತ್ತು, ಕೈಯಲ್ಲಿ ಕಾಸ್ಟ್ ಅಕೌಂಟಿಂಗ್ ಪುಸ್ತಕ. ತೆರೆದಿದ್ದ ಅಧ್ಯಾಯದ ಹೆಸರು 'ಲೇಬರ್', ಎದುರಿನ ಬಾಗಿಲ ಮೇಲಿನ ಬೋರ್ಡೂ 'ಲೇಬರ್'. ಪುಸ್ತಕದಲ್ಲಿ ಕೂಲಿ ಇತ್ತು, ಓವರ್‌ಟೈಮ್ ಇತ್ತು, ಕೆಲಸವಿಲ್ಲದೆ ಕಳೆದ ಹೊತ್ತಿಗೂ ಲೆಕ್ಕ ಇತ್ತು. ಬಾಗಿಲ ಒಳಗೆ ನಡೆಯುವುದಕ್ಕೆ ಲೆಕ್ಕ ಬೇಡ, ಒಂದು ವಿವರಣೆಯಾದರೂ ಬೇಡವೇ?

ಆ ವಿವರಣೆ ಅಕ್ಕ ಕೊಟ್ಟದ್ದು ಮೂರು ತಿಂಗಳ ಮೇಲೆ, ಒಂದು ರಾತ್ರಿ, ಕೂಸು ಮಲಗಿದಾಗ. ಆಕೆಯ ಮಾತಿನಲ್ಲೇ ಬರೆಯುತ್ತೇನೆ.

"ಮೊದಲ ತಿಂಗಳ ನೋವಿನಾಂಗ ಇತ್ತು ತಂಗಿ. ಸೊಂಟದಾಗ ಶುರು ಆಗಿ ಮುಂದ ಬರ್ತಿತ್ತು. ಹೊಟ್ಟಿ ಕಲ್ಲಿನಾಂಗ ಬಿಗಿ ಆಗೂದು, ಆಮ್ಯಾಲ ಸಾವಕಾಶ ಮೆತ್ತಗ ಆಗೂದು. ನಡುವ ಏನೂ ಇಲ್ಲ ನೋಡು! ಮಾತಾಡಬಹುದು, ನಗಬಹುದು. ಹತ್ತು ತಾಸು ಒಂದ ಸಮನ ನೋಯ್ತದ ಅಂತ ತಿಳಕೊಂಡಿದ್ದೆ. ಹಂಗಲ್ಲ ಅದು. ಬರ್ತದ, ಹೋಗ್ತದ. ಆದರ ಬರಬರ್ತ ನಡುವಿನ ಪುರುಸೊತ್ತು ಕಡಿಮಿ ಆಗ್ತದ."

ಗರ್ಭಕೋಶ ಒಂದು ಸ್ನಾಯುವಿನ ಚೀಲ. ಅದು ಬಿಗಿಯಾದಾಗಲೆಲ್ಲ ಕೆಳಗಿನ ಬಾಯಿ ಸ್ವಲ್ಪ ಸ್ವಲ್ಪ ತೆರೆಯುತ್ತದೆ, ಪೂರ್ತಿ ತೆರೆದಾಗ ಸುಮಾರು 10 ಸೆಂಟಿಮೀಟರ್. ನೋವು ಬಂದು ಹೋಗುವುದು ಇದೇ ಕಾರಣಕ್ಕೆ. ಇಷ್ಟು ತಿಳಿಯಲು ಡಾಕ್ಟರ್ ಆಗಬೇಕಾಗಿಲ್ಲ. ನಮ್ಮ ಕಡೆ "ಬ್ಯಾನಿ ತಿನ್ನು" ಅನ್ನುತ್ತಾರೆ. ತುತ್ತು ತುತ್ತಾಗಿ ಬರುವ ನೋವಿಗೆ ಅದು ಸರಿಯಾದ ಮಾತೇ.

ಬೆಳಗಿನ ಹೊತ್ತಿಗೆ ಅಕ್ಕನ ಮೈ ಗಡಗಡ ನಡುಗಲು ಹತ್ತಿತಂತೆ. ಚಳಿಯಿಲ್ಲ, ಜ್ವರವಿಲ್ಲ. ವಾಂತಿಯಾಯಿತು. "ನನ್ನ ಕೈಲೆ ಆಗೂದಿಲ್ಲ, ಮನಿಗಿ ಹೋಗ್ತೀನಿ" ಅಂತ ಮಂಚದಿಂದ ಇಳಿಯಲು ಹೋದಳಂತೆ. ಸತ್ತೇ ಹೋಗುತ್ತೇನೆ ಅಂತ ಆಕೆಗೆ ಖಾತ್ರಿಯಾಗಿತ್ತು. ಆದರೆ ಗರ್ಭದ ಬಾಯಿ ಪೂರ್ತಿ ತೆರೆಯುವ ಹೊತ್ತಿಗೆ ಹೀಗೆ ನಡುಗುವುದು, ವಾಂತಿ, "ಆಗೂದಿಲ್ಲ" ಅನ್ನಿಸುವುದು ಎಷ್ಟೋ ಹೆಂಗಸರಿಗೆ ಆಗುತ್ತದೆ. ಇನ್ನು ದೂರವಿಲ್ಲ ಅನ್ನುವುದರ ಗುರುತು ಅದು. ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಆಕೆ ಅನುಭವಿಸಿದ್ದರಲ್ಲಿ ಅರ್ಧ ನೋವು, ಅರ್ಧ ಸಾವಿನ ಹೆದರಿಕೆ. ಆ ಎರಡನೆಯ ಅರ್ಧವನ್ನು ಒಂದು ಮಾತಿನಿಂದ ಕಡಿಮೆ ಮಾಡಬಹುದಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮುಂದಿನ ಸಂಗತಿ. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿ ಅಕ್ಕನನ್ನೇ ಕೇಳಿದೆ. "ಬರಿ" ಅಂದಳು. ಕೂಸು ಕೆಳಗೆ ಇಳಿದಾಗ ಆಕೆಗೆ ಸಂಡಾಸಿಗೆ ಬಂದಂತೆ ಆಯಿತು, ತಡೆಯಲಾಗದಷ್ಟು ಜೋರಾಗಿ. ಇಷ್ಟು ಜನರ ಮುಂದೆ ಹಾಸಿಗೆ ಹೊಲಸಾದರೆ ಅಂತ ನಾಚಿಕೆಪಟ್ಟು ಬಿಗಿಹಿಡಿದಳು. ಅತ್ತ ಸಿಸ್ಟರ್ "ಮುಕ್ಕು, ಮುಕ್ಕು" ಅಂತ ಕೂಗುತ್ತಿದ್ದಾರೆ, ಇತ್ತ ಅಕ್ಕ ಜೀವ ಹೋದರೂ ಬಿಡದೆ ತಡೆಯುತ್ತಿದ್ದಾಳೆ. ಅರ್ಧ ತಾಸು ಹೀಗೇ. ಕೂಸಿನ ತಲೆ ಗುದದ ಕಡೆ ಒತ್ತುವುದರಿಂದ ಹಾಗೆ ಅನ್ನಿಸುತ್ತದೆ, ಆ ಒತ್ತಡದ ಜೊತೆಗೇ ಮುಕ್ಕಬೇಕು, ಸ್ವಲ್ಪ ಹೊಲಸಾದರೂ ಅದು ದಿನಾ ಆಗುವಂಥದ್ದೇ. ಮೂರು ಹಡೆದ ನಮ್ಮ ಅವ್ವನಿಗೆ ಇದು ಗೊತ್ತಿತ್ತು. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಸಿಸ್ಟರ್ ಆಡಿದ ಒಂದು ಮಾತು ಅಕ್ಕನಿಗೆ ಈಗಲೂ ಮರೆತಿಲ್ಲ. ಗಂಡನ ಜೊತೆ ಮಲಗುವಾಗ ಇಲ್ಲದ ಕಷ್ಟ ಈಗೇಕೆ ಅನ್ನುವ ಅರ್ಥದ ಮಾತು. ತೊಡೆಯ ಮೇಲೆ ಒಂದು ಏಟೂ ಬಿತ್ತು. ಆ ಸಿಸ್ಟರ್‌ಗೂ ಒಬ್ಬಳೇ ಹತ್ತು ಮಂಚ ನೋಡುವ ಕರ್ಮ ಇದ್ದೀತು, ಇಲ್ಲ ಅನ್ನುವುದಿಲ್ಲ. ಆದರೆ ಚಾಳಿನಲ್ಲಿ ಕೇಳುತ್ತಾ ಹೋದಾಗ ನನಗೆ ಆಶ್ಚರ್ಯವಾದದ್ದು ಬೇರೆ. ಇದೇ ಮಾತನ್ನು ಇನ್ನೂ ಇಬ್ಬರು, ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕೇಳಿಸಿಕೊಂಡಿದ್ದರು. ಮೂವರೂ ಅದನ್ನು ಹೆರಿಗೆಯ ಒಂದು ಭಾಗವೆಂದೇ ತಿಳಿದಿದ್ದರು. ನೋವಿನ ಬಗ್ಗೆ ಬಾಯಿ ಮುಚ್ಚಿದರೆ ಅವಮಾನದ ಬಗ್ಗೆಯೂ ಬಾಯಿ ಮುಚ್ಚುತ್ತದೆ.

ತಲೆ ಹೊರಗೆ ಬರುವ ಗಳಿಗೆಯನ್ನು ಅಕ್ಕ ಹೇಳಿದ್ದು ಹೀಗೆ: "ಸುತ್ತಲೂ ಹಸಿಮೆಣಸಿನಕಾಯಿ ಹಚ್ಚಿದಾಂಗ ಉರಿ. ಹರದ ಹೋಗ್ತೀನಿ ಅನ್ನಿಸ್ತು. ಆಮ್ಯಾಲ ಒಮ್ಮಿಗೇ ಜಾರಿ ಬಿತ್ತು, ಬಿಸಿ ಬಿಸಿ, ಮೀನ ಜಾರಿಧಾಂಗ. ಹೊಟ್ಟಿ ಖಾಲಿ. ನೋವು ಪಟ್ಟನ ನಿಂತ್ತು." ಮಗುವನ್ನು ತೋರಿಸಿದಾಗ ಏನನ್ನಿಸಿತು ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಏನೂ ಅನ್ನಿಸಲಿಲ್ಲ. ನೀರು ಬೇಕಿತ್ತು" ಅಂದಳು. ಮಗುವಿನ ಮೇಲೆ ಜೀವ ಬಂದದ್ದು ನಾಲ್ಕಾರು ದಿನ ಆದ ಮೇಲೆ. ಅಲ್ಲಿಯವರೆಗೆ ತಾನು ತಾಯಿಯೇ ಅಲ್ಲ, ರಾಕ್ಷಸಿ ಅಂತ ಒಳಗೊಳಗೇ ಅತ್ತಿದ್ದಾಳೆ. ಕವಿಮಿತ್ರರೇ, "ಮುಖ ಕಂಡು ನೋವೆಲ್ಲ ಮರೆತಳು" ಅನ್ನುವ ಸಾಲನ್ನು ನಾಲ್ಕು ದಿನದ ಬಾಣಂತಿಯೊಬ್ಬಳು ಓದಿಯಾಳು ಅಂತ ನೆನಪಿಟ್ಟು ಬರೆಯಿರಿ. ಕೆಲವರಿಗೆ ಹಾಗೆ ಆಗುತ್ತದೆ, ನಿಜ. ನಮ್ಮ ಅವ್ವನಿಗೆ ಆಗಿತ್ತಂತೆ. ಆದರೆ ಮರೆಯಲಿಕ್ಕೆ ನೋವಾದರೂ ಅಲ್ಲಿಗೆ ಎಲ್ಲಿ ಮುಗಿಯಿತು? ಆಮೇಲೆ ಮಾಸು ಬೀಳಬೇಕು. ಅಕ್ಕನಿಗೆ ಕತ್ತರಿಸಿ ಹೊಲಿಗೆ ಹಾಕಿದ್ದರು, ಕತ್ತರಿಸುವ ಮೊದಲು ಹೇಳಿರಲಿಲ್ಲ. ಹದಿನೈದು ದಿನ ಕುಂಡೆಯೂರಿ ಕೂರಲಾಗಲಿಲ್ಲ. ಕೂಸು ಮೊಲೆ ಚೀಪುವಾಗಲೆಲ್ಲ ಹೊಟ್ಟೆ ಮತ್ತೆ ಹಿಂಡುತ್ತಿತ್ತು. ಗರ್ಭಕೋಶ ಹಿಂದಿನ ಅಳತೆಗೆ ಮುದುಡುವ ನೋವು ಅದು. ಹೆರಿಗೆ ಹೆಚ್ಚಾದಂತೆ ಅದೂ ಹೆಚ್ಚು, ಮೂರನೆಯ ಸಲ ಹಲ್ಲು ಕಚ್ಚಿ ಮೊಲೆ ಕೊಟ್ಟೆ ಅನ್ನುತ್ತಾಳೆ ಅವ್ವ.

ಎಲ್ಲರಿಗೂ ಒಂದೇ ತರಹ ಅಂತ ತಿಳಿಯಬೇಡಿ. ಪಕ್ಕದ ಖೋಲಿಯ ಉಡುಪಿ ಕಡೆಯ ಅಕ್ಕ, "ನಂಗೆ ಹೊಟ್ಟೆಯಲ್ಲಿ ಏನೂ ಇರ್ಲಿಲ್ಲ ಮಾರಾಯ್ತಿ, ಪೂರಾ ಬೆನ್ನಲ್ಲೇ" ಅಂದರು. ಗೆಳತಿಯ ಅತ್ತಿಗೆ ಖಾಸಗಿ ಆಸ್ಪತ್ರೆಯಲ್ಲಿ ಬೆನ್ನಿಗೆ ಎಪಿಡ್ಯೂರಲ್ ಚುಚ್ಚಿಸಿಕೊಂಡವರು. ಒತ್ತುವುದು ತಿಳಿಯುತ್ತಿತ್ತು, ನೋವು ಅಷ್ಟಾಗಿ ಇರಲಿಲ್ಲ ಅಂದರು. "ನೋವು ತಿನ್ನದೆ ತಾಯಿ ಆದಾಳೇ?" ಅಂತ ಅವರ ಬೆನ್ನ ಹಿಂದೆ ಮಾತಾಡಿಕೊಂಡವರೂ ಇದ್ದಾರೆ. ಇದು ಹಳೆಯ ರಗಳೆ. 1847ರಲ್ಲಿ ಸ್ಕಾಟ್ಲೆಂಡಿನ ಡಾಕ್ಟರ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗಲೂ, ಹೆಣ್ಣಿಗೆ ದೇವರು ವಿಧಿಸಿದ ನೋವನ್ನು ತಪ್ಪಿಸಬಾರದು ಅಂದವರಿದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಹೆರಿಗೆಗೆ ಅದನ್ನೇ ತೆಗೆದುಕೊಂಡಳು. ರಾಣಿಯ ತಾಯ್ತನ ಕಡಿಮೆಯಾಯಿತು ಅಂತ ಯಾರೂ ಅಂದಹಾಗಿಲ್ಲ.

ಅವ್ವ ಮೊದಲ ಎರಡು ಹಡೆದದ್ದು ವಿಜಾಪುರದ ಕಡೆಯ ನಮ್ಮ ಊರಲ್ಲಿ, ಸೂಲಗಿತ್ತಿಯ ಕೈಯಲ್ಲಿ. ನನ್ನನ್ನು ಇಲ್ಲಿ, ಆಸ್ಪತ್ರೆಯಲ್ಲಿ. "ಊರಾಗ ಕುಂತ ಹಡದೆ, ಇಲ್ಲೆ ಮಲಗಿ ಹಡದೆ. ಕುಂತಾಗ ಕೂಸು ತಾನ ಇಳೀತು. ಮಲಗಿದಾಗ ಗುಡ್ಡದ ಮ್ಯಾಲ ಕಲ್ಲ ನೂಕಿಧಾಂಗ ಆತು." ಸೂಲಗಿತ್ತಿ ಸೊಂಟ ತಿಕ್ಕುತ್ತಾ, "ಈಗ ಹಿಂಗ ಆಗ್ತದ, ಇನ್ನ ಹಂಗ ಆಗ್ತದ" ಅಂತ ಹೇಳುತ್ತಲೇ ಇದ್ದಳಂತೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. 15 ಸಾವಿರಕ್ಕೂ ಮೇಲೆ ಹೆರಿಗೆ ಮಾಡಿಸಿದರೆಂದು ಹೇಳುವ ಆ ತಾಯಿ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಷ್ಟು ಹೆಂಗಸರ ಬ್ಯಾನಿಯ ಮಾತುಗಳನ್ನು ಕೇಳಿದ ಕಿವಿ ಅದು.

ಹಾಗಂತ ಹಳ್ಳಿಯ ಹೆರಿಗೆಯೇ ಚೆಂದ ಅಂತ ಹಾಡುವವಳು ನಾನಲ್ಲ. ನಮ್ಮ ಚಿಗವ್ವ 2002ರಲ್ಲಿ ಅದೇ ಊರಲ್ಲಿ, ಅದೇ ಸೂಲಗಿತ್ತಿಯ ಕೈಯಲ್ಲಿ, ಮಾಸು ಬೀಳದೆ ನೆತ್ತರು ಹೋಗಿ ಸತ್ತಳು. ಆಸ್ಪತ್ರೆ ಬೇಕೇ ಬೇಕು. ಆದರೆ ಆಸ್ಪತ್ರೆಗೆ ಹೋಗುವಾಗ ಆ ಹೇಳುವ ಬಾಯಿಯನ್ನು, ಸೊಂಟ ತಿಕ್ಕುವ ಕೈಯನ್ನು ಬಾಗಿಲ ಹೊರಗೆ ಬಿಟ್ಟು ಹೋಗಬೇಕೆಂದು ಯಾವ ವೈದ್ಯಶಾಸ್ತ್ರ ಹೇಳಿದೆ? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆಯ ಆರೈಕೆಗೆ 56 ಶಿಫಾರಸು ಕೊಟ್ಟಿತು. ಬಾಣಂತಿ ತನಗೆ ಬೇಕಾದವರೊಬ್ಬರನ್ನು ಜೊತೆಗೆ ಇಟ್ಟುಕೊಳ್ಳಲಿ, ತೊಂದರೆಯಿಲ್ಲದ ಹೆರಿಗೆಯಾದರೆ ಓಡಾಡಲಿ, ಕೂರಲಿ, ನೀರು ಕುಡಿಯಲಿ, ಎಲ್ಲರಿಗೂ ರೂಢಿಯಂತೆ ಕತ್ತರಿ ಹಾಕಬೇಡಿ, ಮುಕ್ಕಬೇಕೆನ್ನುವ ಅವಳ ಒಳಗಿನ ಒತ್ತಡದಂತೆ ನಡೆಯಲು ಬಿಡಿ ಅಂತ ಅದರಲ್ಲಿದೆ. ನಮ್ಮ ಕೇಂದ್ರ ಸರಕಾರವೂ 2016ರಲ್ಲೇ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತು ಜೊತೆಗೊಬ್ಬ ಹೆಂಗಸು ಇರಬಹುದು ಅಂದಿದೆ. 2017ರ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಯಲ್ಲಿ ಮರ್ಯಾದೆಯಿಂದ ನಡೆಸಿಕೊಳ್ಳಬೇಕೆಂಬ ಮಾತೂ ಇದೆ. ಆ ರಾತ್ರಿ ಇದೊಂದೂ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಾಗಿಲಲ್ಲಿ ನಿಂತು ಜಗಳವಾದರೂ ಮಾಡುತ್ತಿದ್ದೆ.

ಹುಡುಗರಿಗೆ ಇದೆಲ್ಲ ಯಾಕೆ ಅನ್ನುವ ಆ ಗೆಳೆಯರಿಗೆ ಇಷ್ಟೇ ಹೇಳುತ್ತೇನೆ. ನಾಳೆ ರಾತ್ರಿ ಮೂರಕ್ಕೆ ರಿಕ್ಷಾ ಹಿಡಿಯುವವರು, ಫಾರ್ಮಿನ ಮೇಲೆ ಸಹಿ ಹಾಕುವವರು ನೀವೇ. ಯಾವುದಕ್ಕೆ ಸಹಿ ಹಾಕುತ್ತಿದ್ದೀರಿ ಅಂತ ತಿಳಿದಿರಲಿ.

ಅಕ್ಕನ ನಾದಿನಿಗೆ ಈಗ ಏಳು ತಿಂಗಳು. ಹೋದ ಭಾನುವಾರ ಇಂಡಿಯಿಂದ ಅವಳ ಫೋನು ಬಂತು. ಅಕ್ಕ ಬಾಗಿಲು ಮುಂದೆ ಮಾಡಿಕೊಂಡು ಒಂದು ತಾಸು ಮಾತಾಡಿದಳು, ನಡುಗುವುದು, ಸಂಡಾಸಿನದು, ಮೆಣಸಿನಕಾಯಿ ಉರಿ, ಹೊಲಿಗೆ, ಎಲ್ಲವನ್ನೂ. ಅವ್ವ ರೊಟ್ಟಿ ಬಡಿಯುತ್ತಾ ಒಲೆಯ ಕಡೆಯಿಂದಲೇ "ಮಾಸ ಬಿದ್ದ ಮ್ಯಾಲೂ ನೆತ್ತರ ಭಾಳ ಹೊಂಟರ ಸುಮ್ಮನ ಮಕ್ಕೋಬ್ಯಾಡ, ಒದರು ಅಂತ ಹೇಳು" ಅಂತ ನಡುವೆ ನಡುವೆ ಸೇರಿಸುತ್ತಿದ್ದಳು. ಆ ಹುಡುಗಿ ಕೊನೆಗೆ ಕೇಳಿದ್ದು ನನಗೂ ಕೇಳಿಸಿತು, "ವೈನಿ, ಚೀರಿದರ ನಡೀತದೇನು?"

"ಚೀರು" ಅಂದಳು ಅಕ್ಕ. "ನಾ ಬಾಜೂಕ ಇರ್ತೀನಿ."